ಊರಿನ ಕಲ್ಲು

ನಮ್ಮ ಕಡೆ ಊರು ಬೇರೆ, ಕೇರಿ ಬೇರೆ. ಹುಟ್ಟಿ ಬೆಳೆದದ್ದು ದೇವದುರ್ಗದಲ್ಲೇ ಆದರೂ ಚಿಕ್ಕವಳಿದ್ದಾಗ ನಾನು "ಊರಾಗ ಹೋಗಿ ಬರ್ತೀನಿ" ಎಂದು ಹೇಳಿ ಮನೆ ಬಿಡುತ್ತಿದ್ದೆ. ಹಳ್ಳ ದಾಟಿದರೆ ಊರು, ಹಳ್ಳದ ಈಚೆ ನಾವು. ಟಪಾಲಿನವನ ಲೆಕ್ಕದಲ್ಲಿ, ಓಟಿನ ಲೆಕ್ಕದಲ್ಲಿ ನಾವೂ ದೇವದುರ್ಗದವರೇ. ಬಾಯಿಮಾತಿನಲ್ಲಿ ಮಾತ್ರ ಅಲ್ಲ. ಈ ಒಂದು ಶಬ್ದವನ್ನು ನನ್ನ ಅವ್ವ ಒಮ್ಮೆ ತಪ್ಪು ತಿಳಿದುಕೊಂಡಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ಅನ್ನಿಸಿಯೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ಆಗ ನಿವೃತ್ತ ಹೆಡ್ಮಾಸ್ತರರೊಬ್ಬರು ಊರಿನ ನಾಲ್ಕು ಹಿರಿಯರನ್ನು ಕೂಡಿಸಿಕೊಂಡು, ನಿಜಾಮನ ಕಾಲದ ಹಳೆ ಚಾವಡಿಯಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. ಅಷ್ಟುದ್ದದ ಹೆಸರು ಯಾರ ನಾಲಿಗೆಯಲ್ಲೂ ಹೊರಳುವುದಿಲ್ಲವೆಂದು ಅದನ್ನು "ಊರಮನಿ" ಎಂದು ಕರೆದರು. ಹಿಡಿಕೆ ಮುರಿದ ಕತ್ತಿ, ಜರಿ ಉದುರಿದ ಪಗಡಿ, ಬಾವಿಯಿಂದ ನೀರೆತ್ತುವ ತೊಗಲಿನ ಕಪಲಿ, ಹಿತ್ತಾಳೆಯ ಸೇರು ಪಾವುಗಳು, ಕುರುಬರ ಹಳೇ ಕಂಬಳಿ ಹೀಗೆ ಅವರಿವರ ಮನೆಯ ಅಟ್ಟದಿಂದ ಇಳಿದದ್ದೆಲ್ಲ ಅಲ್ಲಿ ಸೇರಿತು.

ಹೆಡ್ಮಾಸ್ತರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯಲು ಸಲೀಸಾಗುತ್ತಿತ್ತು. ಸಾಮಾನು ಕೇಳಿಕೊಂಡು ಅವರು ನಮ್ಮ ಕೇರಿಗೂ ಬಂದರು, ಅದಕ್ಕೆ ಮೊದಲು ಅಂಥವರು ಯಾರೂ ಬಂದಿರಲಿಲ್ಲ. ಊರಮನಿ ಅಂದರೆ ಎಲ್ಲರ ಮನೆ, ನಿಮ್ಮದೂ ಒಂದು ಸಾಮಾನು ಅಲ್ಲಿರಬೇಕು ಎಂದು ಬೇವಿನ ಗಿಡದ ಕೆಳಗೆ ನಿಂತು ಹೇಳಿದರು. ಅವ್ವ ಚರಿಗೆಯಲ್ಲಿ ನೀರು ತಂದರೆ ಬಾಯಾರಿಕೆ ಇಲ್ಲ ಎಂದರು. ನಮ್ಮ ಸೀಮೆಯ ಬೇಸಿಗೆ, ಮಟಮಟ ಮಧ್ಯಾಹ್ನ, ಅಲ್ಲಿಯವರೆಗೆ ನಡೆದು ಬಂದ ಮನುಷ್ಯ, ಬಾಯಾರಿಕೆ ಇಲ್ಲವಂತೆ. ಅವ್ವ ಅದನ್ನು ನಂಬಿದಳು. ಎಲ್ಲವನ್ನೂ ನಂಬಿದಳು. ಒಳಗೆ ಹೋಗಿ ಬೀಸುವ ಕಲ್ಲು ತೋರಿಸಿದಳು.

ಅದು ಅವ್ವನ ತವರು ಬಾಗಲವಾಡದಿಂದ ಅಜ್ಜಿ ಬಂಡಿಯಲ್ಲಿ ತಂದುಕೊಟ್ಟ ಕಲ್ಲು. ಎಪ್ಪತ್ತರ ದಶಕದ ಮೊದಲಿಗೆ ಬಿದ್ದ ದೊಡ್ಡ ಬರದಲ್ಲಿ, ರಸ್ತೆ ಕೆಲಸಕ್ಕೆ ಹೋದವರಿಗೆ ಕೆಂಪು ಜೋಳ ಸಿಗುತ್ತಿತ್ತು. ಕೇರಿಯ ಅರ್ಧ ಮನೆಗಳು ಆ ಜೋಳ ತಂದು ನಮ್ಮ ಕಲ್ಲಿನಲ್ಲೇ ಬೀಸಿಕೊಂಡು ಹೋಗುತ್ತಿದ್ದವು. ಬೆಳಗಾದರೆ ಕಲ್ಲಿನ ಸದ್ದು, ಅದರ ಜೊತೆ ಅವ್ವನ ಹಾಡು. ಆಮೇಲೆ ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು. ಅದನ್ನು ಊರಿಗೆ ಕೊಡುವುದೆಂದರೆ ಅವ್ವನಿಗೆ ಮಗಳನ್ನು ದೊಡ್ಡ ಮನೆಗೆ ಕೊಟ್ಟಷ್ಟು ಸಂಭ್ರಮ.

ಹೆಡ್ಮಾಸ್ತರರು ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಕಲ್ಲಿನ ಮುಂದಿಟ್ಟರು. ಅದರಲ್ಲಿ ಅವ್ವನ ಹೆಸರಿತ್ತು. ಕೆಳಗೆ, ಬರಗಾಲದಲ್ಲಿ ಕೇರಿಯ ಹಸಿವು ನೀಗಿಸಿದ ಕಲ್ಲು ಎಂದಿತ್ತು. ಅವ್ವನಿಗೆ ಓದು ಬಾರದು. ರಜೆಗೆ ಬಂದಾಗ ನಾನು ಅವಳ ಬೆರಳು ಹಿಡಿದು, ಇದು ನಿನ್ನ ಹೆಸರು, ಇಲ್ಲಿ ಶುರು, ಇಲ್ಲಿಗೆ ಮುಗೀತು ಎಂದು ತೋರಿಸಿದೆ. ಅವಳು ಜೀವಮಾನದಲ್ಲಿ ಗುರುತು ಹಿಡಿದದ್ದು ಅಷ್ಟೇ ಅಕ್ಷರಗಳನ್ನು. ಸಂತೆಗೆ ಹೋದಾಗಲೆಲ್ಲ ಚಾವಡಿಯ ಬಾಗಿಲಲ್ಲಿ ನಿಂತು, ಹೆಸರು ಇದ್ದಲ್ಲೇ ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದಳು.

ಊರಮನಿಗೆ ಬರುವವರು ಅವ್ವನೊಬ್ಬಳೇ ಏನೋ ಎನ್ನುವ ಹಾಗಾಯಿತು. ಮನೆಯಲ್ಲೇ ಕಪಲಿ ಇಟ್ಟುಕೊಂಡವನು ಅದನ್ನು ನೋಡಲು ಚಾವಡಿಗೆ ಯಾಕೆ ಬಂದಾನು? ಟೆಂಟ್ ಸಿನಿಮಾ ಊರಿಗೆ ಬಂದ ಮೇಲಂತೂ ಅತ್ತ ಮುಖ ಹಾಕುವವರೇ ಇಲ್ಲ. ಮಾಳಿಗೆ ಸೋರತೊಡಗಿತು. ಹೀಗೆ ಖಾಲಿ ಬಿದ್ದಿರುವ ಚಾವಡಿಯಲ್ಲಿ ಗೊಬ್ಬರದ ಚೀಲ ಇಡೋಣ ಎಂದು ತಾಲೂಕು ಕಚೇರಿಯವರು ಮಾತಾಡಿಕೊಂಡರು. ಹೆಡ್ಮಾಸ್ತರರಿಗೆ ನಿದ್ದೆ ಹಾರಿತು. ಕಡೆಗೆ ಅವರಿಗೆ ಒಂದು ಉಪಾಯ ಹೊಳೆಯಿತು: ಜನ ಸಾಮಾನಿನ ಹತ್ತಿರ ಬರದಿದ್ದರೆ ಸಾಮಾನೇ ಜನರ ಹತ್ತಿರ ಹೋಗಲಿ. ಕತ್ತಿ, ಪಗಡಿ ಬಯಲಾಟದವರಿಗೆ ಹೋದವು. ದೊಡ್ಡ ತಾಮ್ರದ ಹಂಡೆ ಊಟ ಹಾಕಿಸುವವರ ಮನೆಗಳಿಗೆ ಹೋಯಿತು. ಒಯ್ದವರು ಸುಮ್ಮನೆ ಇರಲಿಲ್ಲ. ಒಬ್ಬರು ಸುಣ್ಣ ಬಳಿಸಿಕೊಟ್ಟರು, ಇನ್ನೊಬ್ಬರು ಮಾಳಿಗೆಗೆ ಗಚ್ಚು ಹಾಕಿಸಿದರು. ಗೊಬ್ಬರದ ಮಾತು ಅಲ್ಲಿಗೇ ನಿಂತಿತು. ಉಪಾಯ ಒಳ್ಳೆಯದೇ, ಅದರಲ್ಲಿ ನಾನು ಹುಳುಕು ಹುಡುಕುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಬಂದದ್ದು ಬೀಸುವ ಕಲ್ಲಿಗೆ. ನಮ್ಮಲ್ಲಿ ಮದುವೆಯೆಂದರೆ ಮೊದಲು ಕಲ್ಲು ಪೂಜಿಸಿ, ಮುತ್ತೈದೆಯರು ಹಾಡುತ್ತ ಅರಿಷಿಣ ಬೀಸಬೇಕು. ಆ ಅರಿಷಿಣವೇ ಮದುಮಕ್ಕಳ ಮೈಗೆ. ಗಿರಣಿ ಬಂದದ್ದೇ ತಡ, ಅನುಕೂಲಸ್ಥರು ತಮ್ಮ ಕಲ್ಲುಗಳನ್ನು ಬಚ್ಚಲಿಗೆ ಹಾಸಿಬಿಟ್ಟಿದ್ದರು. ಈಗ ಮದುವೆ ಬಂದರೆ ಕಲ್ಲಿಲ್ಲ. ಮೊದಲು ಕೇಳಿ ಬಂದವರು ಒಬ್ಬ ಸಾವುಕಾರರ ಮನೆಯವರು. ಯಾರ ಮನೆಯ ಕಲ್ಲು ಎಂದು ಅವರು ಕೇಳಿದಾಗ ಹೆಡ್ಮಾಸ್ತರರು "ಊರಿನ ಕಲ್ಲು" ಎಂದರಂತೆ. ಸುಳ್ಳಲ್ಲ. ಸತ್ಯವೂ ಅಲ್ಲ.

ಮುಂದಿನ ಸಂತೆಗೆ ಹೋದ ಅವ್ವ ಚೀಟಿ ಕಾಣದೆ ಕೇಳಿದಳು. ಮಳೆಗೆ ತೊಯ್ದು ಹೋಯಿತು, ಬೇರೆ ಬರೆದಿಡುತ್ತೇನೆ ಎಂದರಂತೆ. ನಾನು ರಜೆಗೆ ಬಂದು ನೋಡಿದರೆ ಕತ್ತಿಯ ಚೀಟಿ, ಕಂಬಳಿಯ ಚೀಟಿ ಎಲ್ಲ ಗರಿಗರಿಯಾಗಿದ್ದವು. ಆ ಮಳೆ ನಮ್ಮ ಹೆಸರನ್ನು ಮಾತ್ರ ಹುಡುಕಿಕೊಂಡು ಬಂದಿತ್ತು. ಅವ್ವನಿಗೆ ಹೇಳಿದರೆ, ಮಾಸ್ತರರಿಗೆ ವಯಸ್ಸಾಗಿದೆ, ಮರೆತಿರಬೇಕು ಎಂದಳು.

ಆಮೇಲೆ ನನಗೆ ಮಾನ್ವಿ ತಾಲೂಕಿನಲ್ಲಿ ನೌಕರಿಯಾಯಿತು. ಪೋತ್ನಾಳದಲ್ಲಿ ಕೋಣೆ ಹಿಡಿದಿದ್ದೆ. ನಾನಿದ್ದ ಶಾಲೆಗೇ ನಮ್ಮ ದೇವದುರ್ಗದವರೇ ಒಬ್ಬರು ಶಿಕ್ಷಕಿ ಬಂದರು. ಊರಿನವರು, ಹಳ್ಳದ ಆಚೆಯವರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರಿಗೆ ತಪ್ಪದೆ ಬೇರೆ ಕೋಣೆಯಲ್ಲಿ ಕೆಲಸ ಬರುತ್ತಿತ್ತು. ಒಂದು ದಿನ ತಮ್ಮ ಮದುವೆಯ ಮಾತು ತೆಗೆದು, ದೇಸಾಯರ ವಾಡೆಯ ಕಲ್ಲು ತರಿಸಿ ಅರಿಷಿಣ ಬೀಸಿದ್ದೆವು, ಆ ಕಲ್ಲು ಬಂದ ಮದುವೆಗೆ ಕೊರತೆ ಇರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಯಾವ ಕಲ್ಲೆಂದು ಕೇಳಿದೆ. ಊರಮನಿಯದು ಎಂದರು. ಊರಿನ ಕಲ್ಲು ಬಾಯಿಂದ ಬಾಯಿಗೆ ಹೋಗಿ ವಾಡೆಯ ಕಲ್ಲಾಗಿತ್ತು. ನನಗೆ ನಗು ಬಂತು, ನಕ್ಕೆ. ರಾತ್ರಿ ಊಟ ಸೇರಲಿಲ್ಲ.

ಅದೇ ವರ್ಷ ಗಿಲ್ಲೆಸುಗೂರಿನ ವರನೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಕೇರಿಯಲ್ಲಿ ಬೇರೆ ಕಲ್ಲುಗಳಿದ್ದವು. ಆದರೆ ಅವ್ವನಿಗೆ ತನ್ನ ಅವ್ವನ ಕಲ್ಲೇ ಬೇಕು. ಎಲ್ಲರಿಗೂ ಕೊಡುವಾಗ ನಮಗೆ ಕೊಡುವುದಿಲ್ಲವೇ ಎಂದು ನನ್ನನ್ನು ಕರೆದುಕೊಂಡು ಚಾವಡಿಗೆ ಹೋದಳು. ಹೆಡ್ಮಾಸ್ತರರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆ ದಿನಕ್ಕೆ ಬೇರೆಯವರು ಹೇಳಿಟ್ಟಿದ್ದಾರೆ ಎಂದರು. ಯಾರು ಎಂದು ನಾನು ಕೇಳಿದೆ. ಕೊನೆಗೆ ನಿಜ ಆಡಿದರು.

"ಒಮ್ಮಿ ಕೇರಿಗೆ ಹೋಗಿ ಬಂತು ಅಂದ್ರ ಆಮ್ಯಾಲೆ ಯಾರೂ ಒಯ್ಯಂಗಿಲ್ಲವ್ವ. ಊರಮನಿ ಮುಚ್ಚಿಹೋಗ್ತದ. ನೀ ಕೊಡಾಗ ಅದು ನಿನ್ನ ಕಲ್ಲು, ಈಗ ಊರಿನ ಕಲ್ಲು."

"ಊರಿಗೇ ಕೊಟ್ಟಿದ್ದೆನ್ರಿ ಯಪ್ಪಾ," ಎಂದಳು ಅವ್ವ. "ಊರಂದ್ರ ನಾವೂ ಅದೀವಿ ಅಂತ ತಿಳ್ಕೊಂಡಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ದಾರಿ ಹಿಡಿದವರು ದಾರಿ ಕೇಳುವಾಗ ಇರುತ್ತದಲ್ಲ, ಅಂಥ ದನಿ. ನನ್ನ ತಲೆ ಕೆಟ್ಟಿತು. ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಕಲ್ಲು ಯಾರದೆಂದು ಕೂಗಿ ಹೇಳುತ್ತೇನೆ, ಇದರ ಅರಿಷಿಣ ಮೈಗೆ ಹಚ್ಚಿಕೊಂಡವರೆಲ್ಲ ಕೇಳಿಸಿಕೊಳ್ಳಲಿ ಎಂದೆ. ಹೆಡ್ಮಾಸ್ತರರ ಮುಖ ಸುಣ್ಣವಾಯಿತು. ಊರಿನ ಎಷ್ಟು ಮದುವೆಗಳು ಅವರ ಕಣ್ಣ ಮುಂದೆ ಹಾದುಹೋದವೋ. ಅವ್ವ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಮರುದಿನ ಕಲ್ಲು ಬಂತು. ಚಾವಡಿಯ ಹಿಂದಿನ ಬಾಗಿಲಿನಿಂದ, ಗೋಣಿಚೀಲ ಹೊದ್ದುಕೊಂಡು, ಕಳುವಿನ ಮಾಲಿನ ಹಾಗೆ ಬಂತು. ಅದರ ಕಚ್ಚುಗಳಲ್ಲಿ ಯಾರ್ಯಾರದೋ ಮದುವೆಯ ಅರಿಷಿಣ ಗಟ್ಟಿಯಾಗಿ ಕೂತಿತ್ತು. ಅವ್ವ ಜಾಲಿಮುಳ್ಳಿನಿಂದ ಅದನ್ನೆಲ್ಲ ಕೆದರಿ ತೆಗೆದು, ತೊಳೆದು, ಕುಂಕುಮ ಹಚ್ಚಿದಳು. ಕೇರಿಯ ಹೆಂಗಸರು ಸುತ್ತ ಕೂತರು. ಅವ್ವ ಬೀಸುತ್ತ ಹಾಡಿದಳು. ಬರದಲ್ಲಿ ಕೇಳಿದ್ದ ಅದೇ ದನಿ. ಆ ಒಂದು ಬೆಳಗಿಗೆ ನಾನು ಯಾರ ಮೇಲೂ ಸಿಟ್ಟಾಗಿರಲಿಲ್ಲ.

ಮದುವೆ ಮುಗಿದ ಮೇಲೆ ಅವ್ವ ಕಲ್ಲನ್ನು ತಿರುಗಿ ಒಯ್ಯುತ್ತೇನೆ ಎಂದಳು. ಕೊಟ್ಟದ್ದನ್ನು ಇಟ್ಟುಕೊಳ್ಳುವ ಜಾತಿಯವರಲ್ಲ ನಾವು ಎಂದು ಅವಳ ಹಟ. ಊರಿಗೆ ಉಪಕಾರ ಮಾಡುವುದೂ ಒಂದೇ, ಹೆಣಕ್ಕೆ ಸಿಂಗಾರ ಮಾಡುವುದೂ ಒಂದೇ ಎಂದು ಅಪ್ಪ ಗೊಣಗುತ್ತಲೇ ಬಂಡಿ ಹೂಡಿದ. ನಾನೂ ಹೋದೆ. ಚಾವಡಿಯೊಳಗೆ ನಮ್ಮ ಕಲ್ಲಿದ್ದ ಜಾಗದಲ್ಲಿ ಇನ್ನೊಂದು ಕಲ್ಲು ಕೂತಿತ್ತು. ಉಳಿಯ ಪೆಟ್ಟು ಇನ್ನೂ ಬಿಳುಪಾಗಿ ಕಾಣುತ್ತಿತ್ತು, ಅಷ್ಟು ಹೊಸದು. ಮೇಲೆ ಅರಿಷಿಣ ಬಳಿದಿದ್ದರು. ಮುಂದೆ ಮುತ್ತಿನಂಥ ಅಕ್ಷರದ ಚೀಟಿ: ದೇಸಾಯರ ವಾಡೆಯ ಪುರಾತನ ಬೀಸುವ ಕಲ್ಲು.

"ಈಗ ಜಾಗ ಇಲ್ಲವ್ವ," ಎಂದರು ಹೆಡ್ಮಾಸ್ತರರು. ನೆಲ ನೋಡುತ್ತ ಹೇಳಿದರು.

ಅವ್ವ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಬಗ್ಗಿ ಚೀಟಿ ನೋಡುತ್ತಿದ್ದಳು. ಬೆರಳು ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ ಹೋಯಿತು, ತಿರುಗಿ ಎಡಕ್ಕೆ ಬಂತು. ತನ್ನ ಹೆಸರು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿದ್ದಳು. ಬೇರೆ ಚೀಟಿ ಬರೆದಿಡುತ್ತೇನೆ ಎಂದಿದ್ದರಲ್ಲ. ಇಲ್ಲ ಬೇ, ಇದರಾಗ ಇಲ್ಲ ಎಂದು ನಾನೇ ಹೇಳಬೇಕಾಯಿತು.

ಊರಮನಿ ಮುಚ್ಚಲಿಲ್ಲ. ಎಂಬತ್ತರ ದಶಕದುದ್ದಕ್ಕೂ ಚೆನ್ನಾಗಿಯೇ ನಡೆಯಿತು. ರಾಯಚೂರಿನಿಂದ ಬಂದ ಅಧಿಕಾರಿಯೊಬ್ಬರು, ಜನರ ಬದುಕಿನೊಂದಿಗೆ ಬೆರೆತ ಇಂಥ ಸಂಗ್ರಹಾಲಯ ಬೇರೆಲ್ಲೂ ಕಂಡಿಲ್ಲ ಎಂದು ಹೊಗಳಿದರಂತೆ. ಹೊಸ ಕಲ್ಲು ಮದುವೆಯಿಂದ ಮದುವೆಗೆ ಓಡಾಡುತ್ತಲೇ ಇತ್ತು. ವಾಡೆಯ ಕಲ್ಲಿನ ಕೀರ್ತಿ ಅದಕ್ಕೂ ಅಂಟಿಕೊಂಡಿತು. ನಮ್ಮ ಕಲ್ಲು ಬೇವಿನ ಗಿಡದ ಕೆಳಗೆ ಬಿತ್ತು.

ಆಮೇಲೆಯೂ ಅವ್ವ ಸಂತೆಗೆ ಹೋಗುವುದನ್ನು ಬಿಡಲಿಲ್ಲ; ಉಪ್ಪು ಎಣ್ಣೆ ಬೇಕಲ್ಲ. ಕಲ್ಲಿನ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ. ಚೀಲ ಹಿಡಿದು ಹೊರಟಾಗ ಬಾಗಿಲಲ್ಲಿ ನಿಂತು ಹೇಳುವ ಮಾತು ಮಾತ್ರ ಬದಲಾಯಿತು.

"ಅವರ ಊರಾಗ ಹೋಗಿ ಬರ್ತೀನಿ," ಅನ್ನುತ್ತಿದ್ದಳು.