ಅಂಗನವಾಡಿಯಲ್ಲಿ ‘ಅಮ್ಮ’ ಅನ್ನಬಾರದು

ಆಗೆಲ್ಲ ನಮ್ಮ ರಾಯಲ್ಪಾಡು ಕಡೆ ಮಾವು ಇಳಿಸೋ ಕಾಲ ಬಂತೆಂದರೆ ಹೆಂಗಸರು ಬೆಳ್ಳಂಬೆಳಗ್ಗೆ ತೋಪಿಗೆ ಹೊರಟುಬಿಡೋರು. ಕಂಕುಳ ಕೂಸುಗಳನ್ನ ನಮ್ಮಮ್ಮನ ಅಂಗನವಾಡಿಯಲ್ಲಿ ಇಳಿಸಿ, “ವಸ್ತಾನು ಟೀಚರ್,” ಬರ್ತೀನಿ ಅಂತ ನಮ್ಮ ಕಡೆಯ ತೆಲುಗಿನಲ್ಲಿ ಹೇಳಿ, ಹಿಂದಕ್ಕೆ ನೋಡದೆ ನಡೆಯೋರು. ತಿರುಗಿ ನೋಡಿದರೆ ಮುಗೀತು, ಮಗು ಬಿಡೋದಿಲ್ಲ. ಆ ಬೇಸಿಗೆ ಸಹಾಯಕಿ ಹೆರಿಗೆಗೆ ಹೋಗಿದ್ದಳು, ಬದಲಿಗೆ ಯಾರೂ ಬರಲಿಲ್ಲ. ನನಗೆ ಮೂರನೇ ಕ್ಲಾಸಿನ ರಜ. ಮೂಗು ಒರೆಸೋ ಕೆಲಸ ನಂದಾಯಿತು.

ಅಲ್ಲಿ ನಾನು ಅಮ್ಮನನ್ನ ಅಮ್ಮ ಅನ್ನುವ ಹಾಗಿರಲಿಲ್ಲ. ಆ ಮಾತು ಒಂದು ಕೂಸಿನ ಕಿವಿಗೆ ಬಿದ್ದರೆ ಸಾಕು, ತುಟಿ ಮುದುರಿ “ಅಮ್ಮಾ” ಅಂತ ರಾಗ ಎಳೆಯೋದು. ಅದನ್ನ ಕೇಳಿ ಪಕ್ಕದ್ದು, ಆಮೇಲೆ ಇಡೀ ಕೋಣೆ. “ಇಲ್ಲಿ ಟೀಚರ್ ಅನ್ನು ಕಣೇ, ನಿನ್ನ ದಮ್ಮಯ್ಯ,” ಅಂದಿದ್ದಳು. ಸಂಜೆ ಮನೆಗೆ ಬಂದರೆ ಅವಳಿಗೆ ಮಾತಾಡೋಕೆ ಗಂಟಲೇ ಉಳಿದಿರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅಮ್ಮ, ಟೀಚರ್ ಅಲ್ಲ.

ಒಲೆ ಮೇಲೆ ಸಾಂಬಾರು ಉಕ್ಕೋ ಹೊತ್ತಿಗೇ ಯಾವುದೋ ಒಂದು ಕೂಸು ಚಡ್ಡಿಯಲ್ಲೇ ಮಾಡಿಕೊಂಡಿರೋದು. ಒಬ್ಬ ಕಲ್ಲು ಬಾಯಿಗಿಟ್ಟರೆ ಇನ್ನೊಬ್ಬಳು ಅವನ ಕೂದಲು ಹಿಡಿದಿರೋಳು. ಅಮ್ಮನ ಸೆರಗು ಅನ್ನ, ಸಿಂಬಳ, ಮಾವಿನ ಸೊನೆ ಎಲ್ಲ ಸೇರಿ ನಾರುತ್ತಿತ್ತು. ಆ ವಾಸನೆಗೇ ನಾನು ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಚಿನ್ನಿ ಕಾಣಲಿಲ್ಲ. ಎರಡು ವರ್ಷದ್ದು, ಸದ್ದೇ ಮಾಡದ ಕೂಸು. ಅದರ ಜೊತೆ ಆಡುತ್ತಿದ್ದ ಬಾಲುವನ್ನ ಅಮ್ಮ, “ಚಿನ್ನಿ ಎಕ್ಕಡ್ರಾ?” ಅಂತ ತೆಲುಗಿನಲ್ಲೇ ಕೇಳಿದಳು. “ಅಕ್ಕಡ,” ಅಂದ, ಅಲ್ಲಿ ಅಂತ. ಅದೇ ಹೊತ್ತಿಗೆ ಯಾರೋ ಕಿರುಚಿದ್ದರಲ್ಲಿ ಅಮ್ಮನಿಗೆ ಕೇಳಿಸಿದ್ದು ಬರೀ “ಅಕ್ಕ”. ಚಿನ್ನಿಗೊಬ್ಬಳು ಅಕ್ಕ ಇದ್ದಳು, ಆಗಾಗ ಬಂದು ಎತ್ತಿಕೊಂಡು ಹೋಗೋಳು. ಸರಿ ಅಂತ ಅಮ್ಮ ಬಡಿಸಲು ಕೂತಳು. ಊಟ ಮುಗಿಯುವಾಗ ಆ ಅಕ್ಕ ಬಾಗಿಲಲ್ಲಿ ನಿಂತು, “ಚಿನ್ನಿ ಎಲ್ಲಿ ಟೀಚರ್?” ಅಂದಳು.

ಅಮ್ಮನ ಕೈಯ ಸೌಟು ಬಿತ್ತು. ಹಿತ್ತಲಲ್ಲಿ ಮುಚ್ಚಳ ಇಲ್ಲದ ನೀರಿನ ತೊಟ್ಟಿ ಇತ್ತು. ಬರಿಗಾಲಲ್ಲಿ ಓಡಿ, ಭುಜದವರೆಗೂ ಕೈ ಇಳಿಸಿ ತಡಕಿದಳು. ರಸ್ತೆಗೆ ಓಡಿದಳು. ಟೊಮೇಟೊ ಗಾಡಿ ನಿಲ್ಲಿಸಿ ಅಡಿಯಲ್ಲಿ ಬಗ್ಗಿ ನೋಡಿದಳು. ನಾನು ಬಾಗಿಲಿಗೆ ಅಡ್ಡ ನಿಂತು ಉಳಿದವನ್ನ ತಡೆಯುತ್ತಿದ್ದೆ. ಬಾಲು ನನ್ನ ಲಂಗ ಎಳೆದು, ಮತ್ತೆ “ಅಕ್ಕಡ” ಅಂದು ಬೆರಳು ತೋರಿಸಿದ. ಅಕ್ಕಿ ಮೂಟೆಗಳ ಹಿಂದೆ ಖಾಲಿ ಗೋಣಿಚೀಲದ ಮೇಲೆ ಚಿನ್ನಿ ಬಾಯಲ್ಲಿ ಬೆರಳಿಟ್ಟು ನಿದ್ದೆ ಹೋಗಿತ್ತು.

ಕೂಗಿ ಕರೆದೆ. ಅಮ್ಮ ಬಂದಳು, ನೋಡಿದಳು, ಎತ್ತಿಕೊಳ್ಳಲಿಲ್ಲ. ಗೋಡೆಗೊರಗಿ ಕುಸಿದು ಕೂತು, “ನನ್ನ ಕೈಲಾಗಲ್ಲ ಕಣೇ, ಇನ್ನು ನನ್ನ ಕೈಲಾಗಲ್ಲ,” ಅಂತ ಅತ್ತಳು. ಅವಳು ಅತ್ತದ್ದನ್ನ ನಾನು ಅದುವರೆಗೆ ನೋಡಿರಲಿಲ್ಲ. ಹೆದರಿಕೆಯಾಗಿ ಬಾಯಿಂದ ಬಂದೇಬಿಟ್ಟಿತು, “ಅಮ್ಮ.”

ಅಷ್ಟು ಸಾಕಾಯಿತು. ಇಡೀ ಕೋಣೆ ಅಮ್ಮಾ ಅಂತ ಹೊಯ್ದುಕೊಂಡಿತು. ಚಿನ್ನಿಯೂ ಎದ್ದು ಸೇರಿಕೊಂಡಿತು. ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದಳು. ಒಂದನ್ನ ಸೊಂಟಕ್ಕೆ, ಒಂದನ್ನ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡಿದಳು. ನಾನು ಬಾಯಿ ಮುಚ್ಚಿಕೊಂಡೆ.

ಈಗ ಆ ಅಂಗನವಾಡಿಗೆ ಟೈಲ್ಸ್ ಹಾಕಿದ್ದಾರೆ, ತೊಟ್ಟಿಗೆ ಮುಚ್ಚಳ ಬಂದಿದೆ. ಅಮ್ಮ ತೀರಿಕೊಂಡು ಎರಡು ಮಾವಿನ ಕಾಲ ಕಳೆಯಿತು. ಮನೆಯಲ್ಲಿ ಒಬ್ಬಳೇ ಇರುವಾಗ ಒಮ್ಮೊಮ್ಮೆ ಜೋರಾಗಿಯೇ ಕರೀತೀನಿ, ಅಮ್ಮ ಅಂತ. ಯಾವ ಮಗುವೂ ಅಳೋದಿಲ್ಲ. ಹಾಗನ್ನಬೇಡ ಕಣೇ ಅನ್ನೋರೂ ಯಾರೂ ಇಲ್ಲ.