ಮಣ್ಣು ಟೀಚರ್ ಮತ್ತು ಕೋಳಿಯ ಹೊಟ್ಟೆಯ ತೂತು

ಬೆಳಗಿನ ಆರು ಗಂಟೆ. ಶಾಲೆಯ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಮಕ್ಕಳಿಗೆ ಮಣ್ಣಿನ ಕಲೆ ಕಲಿಸುವ ಮಣ್ಣು ಟೀಚರ್, ಗೊಂಬೆ ಸುಡುವ ವಿದ್ಯುತ್ ಭಟ್ಟಿಯ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಾರೆ. ಬಾಗಿಲು ಉಗುರುಬೆಚ್ಚಗಿದೆ, ಇನ್ನು ತೆರೆಯಬಹುದು. ಆದರೆ ಕೈ ಚಿಲಕಕ್ಕೆ ಹೋಗುತ್ತಿಲ್ಲ. ಇಪ್ಪತ್ತೆರಡು ವರ್ಷಗಳಿಂದ ತಿಂಗಳಿಗೊಮ್ಮೆ ತೆರೆಯುತ್ತ ಬಂದ ಬಾಗಿಲಿದು. ಇವತ್ತು ಮಾತ್ರ ತೆರೆಯಲು ಭಯ.

ಒಳಗೆ ಮೂವತ್ತೆಂಟು ಕೃತಿಗಳಿವೆ. ಮೂವತ್ತೇಳು ಶಿಷ್ಯರವು. ಒಂದು ಅವರದೇ, ಅದೂ ಹನ್ನೊಂದು ವರ್ಷಗಳ ನಂತರ ಮಾಡಿದ್ದು: ಸೂಜಿಗೆ ದಾರ ಪೋಣಿಸುತ್ತ ಕುಳಿತ, ಮೊಣಕಾಲೆತ್ತರದ ಹೆಂಗಸು. ಅದು ಅವರ ಅಕ್ಕ. ಊರಿನವರ ಬಟ್ಟೆ ಹೊಲಿದು ತಂಗಿಯನ್ನು ಕಲಾಶಾಲೆಗೆ ಕಳಿಸಿದ ಅಕ್ಕ.

ದಿನಕ್ಕೆ ಐದು ತರಗತಿ, ನೂರೈವತ್ತು ಮಕ್ಕಳು, ನಾದಬೇಕಾದ ಮಣ್ಣು ಹದಿನೈದು ಕಿಲೋ. ಶನಿವಾರ ದೊಡ್ಡವರ ತರಗತಿ ಬೇರೆ. ಇರುವುದೊಂದೇ ಭಟ್ಟಿ, ಅದರಲ್ಲಿ ಮೊದಲ ಜಾಗ ಶಿಷ್ಯರಿಗೆ. "ನಂದು ಯಾವಾಗ್ಲಾದ್ರೂ ಆಗತ್ತೆ ಅಂತ ಮುಂದಕ್ಕೆ ಹಾಕ್ತಾ ಬಂದೆ. ಬೆರಳು ಸೆಟೆಯೋಕೆ ಶುರುವಾದ್ಮೇಲೆ ಬುದ್ಧಿ ಬಂತು," ಎನ್ನುತ್ತಾರೆ. ಅಕ್ಕನನ್ನು ಮಾಡಲು ನಾಲ್ಕು ತಿಂಗಳು ಹಿಡಿಯಿತು. ಇನ್ನೊಮ್ಮೆ ಮಾಡುವಷ್ಟು ಕಸುವು ಕೈಯಲ್ಲಿಲ್ಲ.

ಆದರೆ ಇವತ್ತೇ ಈ ಭಯವೇಕೆ? ಮೊನ್ನೆ ಭಟ್ಟಿ ಮುಚ್ಚುವ ಹೊತ್ತಿಗೆ ಶನಿವಾರದ ಶಿಷ್ಯರೊಬ್ಬರು, ನಿವೃತ್ತ ಬಸ್ ಚಾಲಕರು, ಏದುಸಿರು ಬಿಡುತ್ತ ಬಂದು ಮಣ್ಣಿನ ಒಂದು ದಪ್ಪ ಕೋಳಿಯನ್ನು ಕೈಗಿಟ್ಟರು. ಅಕ್ಕನ ಪಕ್ಕದಲ್ಲೇ ಒಂದಿಷ್ಟು ಜಾಗವಿತ್ತು. ಟೀಚರ್ ಇಟ್ಟರು, ಸ್ವಿಚ್ ಒತ್ತಿದರು, ಪಾಠಕ್ಕೆ ಹೋದರು. ದಿನದ ಐದನೆಯ ತರಗತಿ ಮುಗಿದಾಗ ಥಟ್ಟನೆ ಹೊಳೆಯಿತು. ಕೋಳಿಯ ಹೊಟ್ಟೆ ಪೊಳ್ಳು. ಪೊಳ್ಳು ಗೊಂಬೆಯ ತಳಕ್ಕೆ ತೂತಿರಬೇಕು, ಇಲ್ಲದಿದ್ದರೆ ಒಳಗಿನ ಆವಿ ಹೊರಹೋಗಲು ದಾರಿಯಿಲ್ಲದೆ ಸಿಡಿಯುತ್ತದೆ, ಪಕ್ಕದಲ್ಲಿದ್ದದ್ದನ್ನೂ ಮುಕ್ಕು ಮಾಡುತ್ತದೆ. ಎಲ್ಲವನ್ನೂ ತಿರುಗಿಸಿ ನೋಡುವ ಟೀಚರ್ ಅದೊಂದನ್ನು ನೋಡಿರಲಿಲ್ಲ. ಭಟ್ಟಿಯ ಮುಳ್ಳು ಆಗಲೇ ಆರುನೂರು ಡಿಗ್ರಿ ದಾಟಿತ್ತು. ಸಿಡಿಯುವುದಿದ್ದರೆ ಸಿಡಿದಾಗಿತ್ತು, ಬಾಗಿಲು ತೆರೆದರೆ ತಣ್ಣನೆ ಗಾಳಿ ತಾಗಿ ಉಳಿದದ್ದೂ ಬಿರಿಯುತ್ತಿತ್ತು. ಭಟ್ಟಿ ಆರುವ ತನಕ ಎರಡು ದಿನ ಕಾಯಬೇಕಾಯಿತು.

"ತೆಗೀರಿ ಟೀಚರ್, ನನ್ನ ಕೋಳಿ ಕೂಗೋ ಹೊತ್ತಾಯ್ತು," ಹಿಂದಿನಿಂದ ದನಿ. ಚಾಲಕರು ಬಂದಿದ್ದಾರೆ. ಅವರಿಗೆ ಏನೂ ಗೊತ್ತಿಲ್ಲ.

ಟೀಚರ್ ಚಿಲಕ ಎಳೆಯುತ್ತಾರೆ. ಅಕ್ಕ ಕುಳಿತಿದ್ದಾಳೆ. ಬೆರಳು ಹತ್ತೂ ಇವೆ. ಪಕ್ಕದಲ್ಲಿ ಕೋಳಿ, ಏನೂ ಆಗದ ಹಾಗೆ. ಟೀಚರ್ ಅದನ್ನು ತಿರುಗಿಸುತ್ತಾರೆ. ತಳದಲ್ಲಿ ಒಂದಲ್ಲ, ಎರಡು ತೂತು.

"ನಾನು ಇದನ್ನ ಹೇಳ್ಕೊಡೋವಾಗ ನೀವು ನಿದ್ದೆ ಮಾಡ್ತಿದ್ರಲ್ಲ!"

"ಕಣ್ಣು ಮುಚ್ಚಿತ್ತು ಅಷ್ಟೇ, ಕಿವಿಗೆಲ್ಲಿದೆ ಬಾಗಿಲು? ಮೂವತ್ತು ವರ್ಷ ಬಸ್ ಓಡಿಸಿದೀನಿ, ಸ್ಟೆಪ್ನಿ ಇಲ್ದೆ ಒಂದಿನಾನೂ ಹೊರಟಿಲ್ಲ. ಒಂದು ತೂತು ನೀವು ಹೇಳಿದ್ದಕ್ಕೆ, ಇನ್ನೊಂದು ನನ್ನ ಭಯಕ್ಕೆ."

ಟೀಚರ್ ಮುಕ್ಕಾಲಿಯ ಮೇಲೆ ಕುಸಿದು ಕೂತು ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಹೋದ ಜೀವ ಬಂದಂತಾಗಿದೆ. ಅಷ್ಟರಲ್ಲಿ ವಿಷಯ ತಿಳಿದಿದ್ದ ಅಕ್ಕನ ಫೋನು: "ಏನೇ, ನಾನು ಉಳಿದ್ನಾ?"

"ಉಳಿದೆ ಕಣೇ ಅಕ್ಕಾ. ಮೂಗಿನ ತುದಿಯ ಸಿಟ್ಟೂ ಉಳಿದಿದೆ."

ಇಷ್ಟು ವರ್ಷದಲ್ಲಿ ಟೀಚರ್ ಹೆಸರಲ್ಲಿ ಒಂದು ಪ್ರದರ್ಶನವಿಲ್ಲ, ಪ್ರಶಸ್ತಿಯಿಲ್ಲ. ನಿಮ್ಮ ಕೆಲಸವೆಂದು ಯಾವುದನ್ನು ತೋರಿಸುತ್ತೀರಿ ಎಂದು ಕೇಳಿದರೆ ಅವರು ಅಕ್ಕನ ಕಡೆ ಒಮ್ಮೆ ನೋಡುತ್ತಾರೆ. ಆಮೇಲೆ ಕೋಳಿಯನ್ನೆತ್ತಿ ತಲೆಕೆಳಗು ಮಾಡುತ್ತಾರೆ.

"ಅಕ್ಕನ್ನ ಮಾಡಿದ್ದು ನಾನೇ, ಸರಿ. ಆದ್ರೆ ಅವಳನ್ನ ಉಳಿಸಿದ್ದು ನಾನು ಹೇಳ್ಕೊಟ್ಟ ಈ ತೂತು. ಇದನ್ನೇ ತೋರಿಸ್ತೀನಿ."