ಹೊಸ ಗಾಡಿಗೆ ತಕರಾರಪ್ಪನ ತೀರ್ಪು

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ನನ್ನ ಗಂಡ ಅದಕ್ಕಿಂತ ಒಂದು ಕೈ ಮೇಲು. ಕಲ್ಲು ಸಿಗದಿದ್ದರೆ ಮೊಸರೇ ಸರಿಯಿಲ್ಲ ಎನ್ನುವ ಪೈಕಿ. ಮೊದಲ ಸಲ ನಮ್ಮ ಮನೆಗೆ ಬಂದ ದಿನ ನನ್ನ ಮುಖ ನೋಡುವ ಮೊದಲು ತಾವು ಕೂತ ಕುರ್ಚಿಯ ಕಾಲು ನೋಡಿದರು. "ಇದು ಅಲ್ಲಾಡ್ತಿದೆ" ಎಂದು ನಮ್ಮಪ್ಪನಿಗೆ ಹೇಳಿ, ಕುರ್ಚಿ ಮಗುಚಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಅಂಥವರನ್ನು ಕಟ್ಟಿಕೊಂಡೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು! ನಮ್ಮತ್ತೆ ಇದ್ದಷ್ಟು ದಿನ ಹೇಳುತ್ತಿದ್ದರು, "ಹುಟ್ಟಿದ ತಕ್ಷಣ ಸೂಲಗಿತ್ತಿ ಜೊತೆಗೇ ಜಗಳಕ್ಕೆ ನಿಂತ ಮಗ ಇವನು, ನಿನ್ನನ್ನ ಬಿಡ್ತಾನಾ?"

ಮದುವೆಯಾದ ಹೊಸದರಲ್ಲಿ ಅವರು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುತ್ತಿದ್ದರು. ಪಾಸು ಮಾಡಿದ ಪಂಪಿಗಿಂತ ವಾಪಸ್ ಕಳಿಸಿದ ಪಂಪೇ ಹೆಚ್ಚಾಗಿ, ಕೊನೆಗೆ ಕಾರ್ಖಾನೆಯವರು ಅವರನ್ನೇ ವಾಪಸ್ ಕಳಿಸಿದರು. ಆಮೇಲೆ ನಾನೇ ಅವರನ್ನು ನಾನು ಕೆಲಸ ಮಾಡುತ್ತಿದ್ದ ಜಾಗಕ್ಕೆ ಕರೆದುಕೊಂಡು ಬಂದೆ. ಪ್ರವಾಸಿಗಳನ್ನು ದೊಡ್ಡ ಮೋಟಾರ್ ಸೈಕಲ್‌ಗಳ ಮೇಲೆ ಬೆಟ್ಟದ ದಾರಿಗಳಲ್ಲಿ ಸುತ್ತಿಸುವ ಕಂಪನಿ ಅದು. ಊರಾಚೆ ಒಂದು ತಗಡಿನ ಶೆಡ್ಡು, ಶೆಡ್ಡಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಆಫೀಸು, ಉಳಿದ ಜಾಗದ ತುಂಬ ಗಾಡಿಗಳು. ಅಲ್ಲಿ ಇವರ ರೋಗಕ್ಕೆ ಬೆಲೆ ಬಂತು. ಪ್ರತಿ ಗಾಡಿಯ ನಟ್ಟು, ಚೈನು, ಬ್ರೇಕು ಮುಟ್ಟಿ ನೋಡಿ ತಕರಾರು ಮಾಡುವುದೇ ಅವರ ಕೆಲಸವಾಯಿತು. ಶೆಡ್ಡಿನವರು ಅವರಿಗೆ ತಕರಾರಪ್ಪ ಎಂದು ಹೆಸರಿಟ್ಟರು. ಆ ಹೆಸರಿಗೂ ಅವರದು ತಕರಾರು ಇತ್ತು.

ದಾರಿಯಲ್ಲಿ ನಾನು ಮುಂದೆ, ಗಾಡಿ ಓಡಿಸುವ ಪ್ರವಾಸಿಗಳು ನಡುವೆ, ನನ್ನ ಗಂಡ ಎಲ್ಲರಿಗಿಂತ ಹಿಂದೆ. ನಮ್ಮಲ್ಲಿ ಮೂಲೆ ಕಾಯುವುದು ಎಂಬ ಒಂದು ಪದ್ಧತಿಯಿದೆ. ದಾರಿ ಕವಲೊಡೆಯುವ ಕಡೆ ನನ್ನ ಬೆನ್ನಿಗೇ ಬರುತ್ತಿರುವವರು ಗಾಡಿ ನಿಲ್ಲಿಸಿ, ನಾನು ಯಾವ ಕಡೆ ಹೋದೆ ಎಂದು ಹಿಂದಿನವರಿಗೆಲ್ಲ ಕೈ ತೋರಿಸುತ್ತಾ ನಿಲ್ಲಬೇಕು. ಕಟ್ಟಕಡೆಯವರು ಬಂದು ತಲೆಯಾಡಿಸಿದ ಮೇಲೆಯೇ ಅಲ್ಲಿಂದ ಹೊರಡಬೇಕು. ಗುಡುಗಲಿ, ಸಿಡಿಯಲಿ, ಜಾಗ ಬಿಡಬಾರದು. ಹಾಗೆಯೇ ಕಟ್ಟಕಡೆಯವರು ಏನೇ ಆದರೂ ಮುಂದಿನವರು ಹೋದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಬಾರದು. ಈ ಎರಡು ಮಾತು ನಡೆದರೆ ಬೆಟ್ಟದಲ್ಲಿ ಯಾರೂ ಕಳೆದುಹೋಗುವುದಿಲ್ಲ. ಜಾಗ ಬಿಟ್ಟವರಿಗೆ, ಅವರು ಎಂಥ ದೊಡ್ಡ ಮನುಷ್ಯರೇ ಆಗಿರಲಿ, ನಾನು ಎಲ್ಲರೆದುರಿಗೆ ನೀರಿಳಿಸಿದ್ದೇನೆ.

ಹೀಗಿರುವಾಗ ನಮ್ಮ ಗಾಡಿಯ ಹೊಸ ಮಾಡೆಲ್ ಬಂತು. ನಮ್ಮ ಮಾಲೀಕ ನನಗಿಂತ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಾನೆ, ಆ ಲೆಕ್ಕದಲ್ಲಿ ಇವರನ್ನು ಭಾವ ಎನ್ನುತ್ತಾನೆ. ಅವನು ಪರೀಕ್ಷೆಗೆಂದು ಒಂದು ಗಾಡಿ ತರಿಸಿ ಶೆಡ್ಡಿನ ನಡುವೆ ನಿಲ್ಲಿಸಿದ. ಮುಂದಿನ ಚಕ್ರ ದೊಡ್ಡದಾಗಿತ್ತು. ಶಾಕ್ ಅಬ್ಸಾರ್ಬರ್ ಉದ್ದವಾಗಿತ್ತು. ಎದುರಿಗೆ ದಾರಿ ತೋರಿಸುವ ಬಣ್ಣದ ಸ್ಕ್ರೀನು. ಸೀಟು ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರ.

ಆ ನಾಲ್ಕು ಬೆರಳೇ ನನಗೆ ಮುಳುವಾದದ್ದು. ನಾನು ಕುಳ್ಳಿ. ಹಳೆಯ ಗಾಡಿಯ ಸೀಟು ಇಳಿಸಿಕೊಂಡಿದ್ದೆ, ಎರಡೂ ಕಾಲಿನ ಬೆರಳು ನೆಲಕ್ಕೆ ತಾಗುತ್ತಿದ್ದವು. ಹೊಸದರಲ್ಲಿ ಸೀಟು ಇಳಿಸಲು ಜಾಗವೇ ಇಲ್ಲ. ಹತ್ತಿ ಕೂತರೆ ಒಂದು ಕಾಲು ಗಾಳಿಯಲ್ಲಿ. ಸಾಮಾನು ಹೇರಿದ ಗಾಡಿಯನ್ನು ಇಳಿಜಾರಿನ ಜಲ್ಲಿಯ ಮೇಲೆ ಹಾಗೆ ನಿಲ್ಲಿಸಿದರೆ ಗಾಡಿಯೂ ನಾನೂ ಕಣಿವೆಯಲ್ಲಿ.

"ನನಗೆ ಒಂದು ಹಳೇದು ಇಟ್ಕೊಳ್ಳಪ್ಪ," ಎಂದೆ.

"ಎರಡು ಜಾತಿ ಗಾಡಿಗೆ ಎರಡು ಜಾತಿ ಸ್ಪೇರ್ ಯಾರು ಇಡ್ತಾರೆ ಅಕ್ಕ? ತಗೊಂಡ್ರೆ ಎಲ್ಲಾ ಹೊಸದೇ. ನೀವು ಆಫೀಸ್ ನೋಡ್ಕೊಳ್ಳಿ. ನೆರಳಲ್ಲಿ ಆರಾಮಾಗಿ ಕೂತು ಫೋನ್ ಎತ್ತೋದು."

"ಫೋನ್ ಎತ್ತೋಕೆ ನಾನು ಬೆಟ್ಟ ಹತ್ತೋದು ಕಲಿತಿದ್ದಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅವನು ನಕ್ಕ. ಸ್ಪ್ಯಾನರ್ ತೆಗೆದು ಹಲ್ಲಿಗೆ ಕೊಡೋಣ ಎನಿಸಿತು. "ನೋಡೋಣ ಬಿಡಿ, ಭಾವ ಓಡಿಸಿ ನೋಡಲಿ. ಅವರು ಬೇಡ ಅಂದ್ರೆ ನಾನು ತಗೊಳ್ಳಲ್ಲ."

ಅವನು ಸುಮ್ಮನೆ ಹೇಳಿದ ಮಾತಲ್ಲ ಅದು. ಇವರ ಮಾತಿಲ್ಲದೆ ಅವನು ಒಂದು ಬೋಲ್ಟನ್ನೂ ಕೊಳ್ಳುತ್ತಿರಲಿಲ್ಲ. ಮದುವೆಯಾದ ಮೇಲೆ ಮೊಟ್ಟಮೊದಲ ಸಲ ನನ್ನ ಗಂಡನ ಬುದ್ಧಿಯ ಬಗ್ಗೆ ನನಗೆ ಸಮಾಧಾನವಾಯಿತು. ಈ ಮನುಷ್ಯ ಒಪ್ಪಿದ್ದು ಯಾವುದಿದೆ ಈ ಲೋಕದಲ್ಲಿ, ಇದೊಂದನ್ನು ಒಪ್ಪಲು?

ಆದರೂ ಪರೀಕ್ಷೆಯ ದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಹೇಳಿಯೇ ಬಿಟ್ಟೆ. "ರೀ, ಚೆನ್ನಾಗಿ ತಪ್ಪು ಹುಡುಕ್ರಿ."

"ಇದ್ರೆ ಸಿಗುತ್ತೆ."

"ಇಲ್ದಿದ್ರೆ?"

"ಇಲ್ದಿದ್ರೆ ಎಲ್ಲಿಂದ ತರ್ಲಿ?"

"ನಾನು ಮಾಡಿದ ಅಡುಗೆಯಲ್ಲಿ ಎಲ್ಲಿಂದ ತರ್ತೀರೋ ಅಲ್ಲಿಂದಲೇ ತನ್ನಿ!"

ಅವರು ನನ್ನ ಬೂಟಿನ ಲೇಸು ಸರಿಯಾಗಿ ಕಟ್ಟಿಲ್ಲ ಎಂದು ಮಾತ್ರ ಹೇಳಿದರು.

ಅವತ್ತು ಮಾಲೀಕನಿಗೆ ತಾನೇ ಮುಂದೆ ಹೋಗುವ ಹುಕಿ ಬಂತು. ಅವನು ಹಳೆಯ ಗಾಡಿಯಲ್ಲಿ ಮುಂದೆ, ನಾನು ಇನ್ನೊಂದು ಹಳೆಯ ಗಾಡಿಯಲ್ಲಿ ನಡುವೆ, ಇವರು ಹೊಸದರಲ್ಲಿ ಹಿಂದೆ. ಇರುವುದೇ ಮೂವರಾದ್ದರಿಂದ ಕವಲು ಬಂದಾಗಲೆಲ್ಲ ಮೂಲೆ ಕಾಯುವ ಸರದಿ ನನ್ನದೇ. ಮೊದಲ ಕವಲಿನಲ್ಲಿ ಇವರು ಬಂದು ತಲೆಯಾಡಿಸಿದರು, ಮುಖ ಗಂಟು. ನನಗೆ ಖುಷಿಯಾಯಿತು. ಎರಡನೆಯದರಲ್ಲೂ ತಲೆಯಾಡಿಸಿದರು, ಆದರೆ ಗಂಟು ಸ್ವಲ್ಪ ಸಡಿಲವಾದಂತೆ ಕಂಡಿತು. ಕಲ್ಲು ಕ್ವಾರಿ ದಾಟಿದ ಮೇಲೆ ಇನ್ನೊಂದು ಕವಲು. ಮಾಲೀಕ ಬಲಕ್ಕೆ ತಿರುಗಿ ಮೇಲೆ ಹೋದ. ನಾನು ಗಾಡಿ ನಿಲ್ಲಿಸಿ, ಬಲಕ್ಕೆ ಕೈ ತೋರಿಸಲು ಸಿದ್ಧಳಾಗಿ ನಿಂತೆ.

ಅವರು ಬರಲಿಲ್ಲ.

ಮರವಿಲ್ಲ, ನೆರಳಿಲ್ಲ. ಕ್ವಾರಿಯ ಬಿಳಿ ಧೂಳು, ತಲೆ ಸುಡುವ ಬಿಸಿಲು. ಫೋನಿಗೆ ಸಿಗ್ನಲ್ ಇಲ್ಲ. ಹಿಂದೆ ಹೋಗಿ ನೋಡೋಣ ಎಂದರೆ, ನಾನು ಆ ಕಡೆ ಹೋದಾಗ ಅವರು ಈ ಕಡೆ ಬಂದರೆ? ಜಾಗ ಬಿಡಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನೇ ಬಿಡುವುದಾ? ನಿಂತೇ ಇದ್ದೆ. ಕಲ್ಲು ತುಂಬಿದ ಲಾರಿಯೊಂದು ಬಂದು ನಿಧಾನವಾಯಿತು.

"ಏನಮ್ಮಾ, ಗಾಡಿ ಕೆಟ್ಟಿದೆಯಾ?" ಡ್ರೈವರ್ ಕೇಳಿದ.

"ಇಲ್ಲ."

"ಮತ್ಯಾಕೆ ಬಿಸಿಲಲ್ಲಿ ನಿಂತಿದೀರಾ?"

"ಗಂಡ ಬರ್ಬೇಕು."

"ಬಂದ ಹಾಗೇ!" ಎಂದು ನಗುತ್ತಾ ಮೈಮೇಲೆಲ್ಲ ಧೂಳು ಹಾರಿಸಿ ಹೋದ.

ಬಿದ್ದಿರಬೇಕು ಎಂದುಕೊಂಡೆ. ನಿಜ ಹೇಳುತ್ತೇನೆ, ಮೊದಲು ಸಂತೋಷವೇ ಆಯಿತು. ಬೀಳಲಿ, ಗಾಡಿ ಕೆಟ್ಟದ್ದೆಂದು ಗೊತ್ತಾಗಲಿ. ಆಮೇಲೆ ಕಣಿವೆಯ ನೆನಪಾಯಿತು. ದೇವರೇ, ಬಿದ್ದಿದ್ದರೂ ಏಟಾಗದಿರಲಿ. ಸಣ್ಣದಾಗಿ ಏಟಾದರೂ ಪರವಾಗಿಲ್ಲ, ಕಾಲು ಮುರಿಯದಿರಲಿ. ಬಾಟಲಿಯ ನೀರು ಮುಗಿಯಿತು. ನನ್ನ ನೆರಳು ಕಾಲಡಿಯಿಂದ ಸರಿದು ರಸ್ತೆಯ ಆಚೆ ಬದಿ ಮುಟ್ಟಿತು. ಇನ್ನು ತಡೆಯಲಾರೆ, ನಿಯಮ ಹಾಳಾಗಿ ಹೋಗಲಿ, ಹಿಂದೆ ಹೋಗಿ ಕಣಿವೆ ಇಣುಕಿ ನೋಡುತ್ತೇನೆ ಎಂದು ಹೆಲ್ಮೆಟ್ ಹಾಕಿಕೊಳ್ಳುವಷ್ಟರಲ್ಲಿ ಗಾಡಿಯ ಸದ್ದು ಕೇಳಿಸಿತು.

ಬಂದದ್ದು ಹಿಂದಿನಿಂದಲ್ಲ, ಮುಂದಿನಿಂದ. ಬಲಗಡೆಯ ದಾರಿಯಲ್ಲಿ, ಮೇಲಿನಿಂದ ಕೆಳಕ್ಕೆ, ಮಾಲೀಕನ ಜೊತೆ.

ನಡೆದದ್ದಿಷ್ಟು. ಕ್ವಾರಿಯ ಗೇಟಿನ ಹತ್ತಿರ ಸ್ಕ್ರೀನು ನಾವು ಎಂದೂ ಕವಲೆಂದು ಲೆಕ್ಕಕ್ಕೆ ಹಿಡಿಯದ ಒಂದು ಒಳದಾರಿ ತೋರಿಸಿದೆ. ಬರೀ ಜಲ್ಲಿ, ಏರು, ತಿರುವು. ಕಟ್ಟಕಡೆಯವರು ಹಿಡಿಯಲೇಬಾರದ ಬೇರೆ ದಾರಿ. ಈ ಮಹಾಶಯರು ಅದನ್ನು ಹಿಡಿದು, ಬೆಟ್ಟದ ಹಿಂಬದಿಯಿಂದ ಹತ್ತಿ, ಮಾಲೀಕನಿಗಿಂತ ಮೊದಲೇ ತುದಿಯ ಹೋಟೆಲು ತಲುಪಿದ್ದಾರೆ. ಇಬ್ಬರೂ ಕೂತು ಚಹಾ ಕುಡಿದಿದ್ದಾರೆ, ಊಟ ಮಾಡಿದ್ದಾರೆ, ಗಾಡಿಯ ಬಗ್ಗೆ ಮಾತಾಡಿದ್ದಾರೆ. ನಾನು ಹಿಂದೆ ನಿಧಾನವಾಗಿ ಬರುತ್ತಿದ್ದೇನೆ ಎಂದು ಮಾಲೀಕ ಅಂದುಕೊಂಡಿದ್ದಾನೆ. ಕೈ ತೊಳೆಯುವಾಗ "ಅಕ್ಕ ಎಲ್ಲಿ ಭಾವ?" ಎಂದು ಅವನು ಕೇಳಿದ ಮೇಲೆ ಇವರಿಗೆ ಜ್ಞಾನೋದಯವಾಗಿದೆ.

ಅವರು ಹೆಲ್ಮೆಟ್ ತೆಗೆದರು. ಮುಖದ ತುಂಬ ಧೂಳು, ಧೂಳಿನ ನಡುವೆ ಹಲ್ಲು. ಆ ಮುಖದಲ್ಲಿ ಅಂಥ ನಗು ನಾನು ಎಂದೂ ಕಂಡಿರಲಿಲ್ಲ. ನನ್ನ ಹತ್ತಿರ ಬರುತ್ತಾ ಅದನ್ನು ಅಡಗಿಸಲು ನೋಡಿದರು, ಆಗಲಿಲ್ಲ.

"ಜಲ್ಲಿ ಮೇಲೆ ಒಂದು ಸಲಾನೂ ಜಾರಲಿಲ್ಲ ಕಣೆ," ಎಂದರು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. "ಹೆಂಡತಿ ಬದುಕಿದ್ದಾಳಾ ಸತ್ತಿದ್ದಾಳಾ ಅಂತ ಕೇಳೋದು ಬಿಟ್ಟು ಜಲ್ಲಿ ಸುದ್ದಿ ಹೇಳ್ತೀರಲ್ರೀ! ನಾನಿಲ್ಲಿ ಕಣಿವೆಯಲ್ಲಿ ನಿಮ್ಮ ಹೆಣ ಹುಡುಕೋಕೆ ಹೊರಟಿದ್ದೆ, ನೀವಲ್ಲಿ ಉಂಡು ತೇಗ್ತಿದ್ರಾ?" ಎಂದದ್ದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು. ಮಾಲೀಕ ಟೈರು ನೋಡುವವನಂತೆ ದೂರ ಹೋಗಿ ಕುಕ್ಕರಗಾಲಲ್ಲಿ ಕೂತ. ಇವರು ಮುಖದ ಧೂಳು ಒರೆಸಿಕೊಂಡರು, ನಗು ಹಾಗೇ ಉಳಿದಿತ್ತು. ಅದು ಇನ್ನಷ್ಟು ಉರಿಸಿತು.

ಶೆಡ್ಡಿಗೆ ಬಂದೆವು. ಆಟ ಮುಗಿಯಿತು ಎಂದು ನನಗೆ ಗೊತ್ತಾಗಿತ್ತು. ಆ ನಗು ನೋಡಿದ ಮೇಲೆ ಇನ್ನು ತೀರ್ಪೇನು ಕೇಳುವುದು? ನಾಳೆಯಿಂದ ಗಾಜಿನ ಬಾಗಿಲಿನ ಹಿಂದೆ ಕೂತು ಫೋನ್ ಎತ್ತಬೇಕು ಎಂದುಕೊಂಡು ಗೋಡೆಗೆ ಒರಗಿ ನಿಂತೆ.

"ಹೇಳಿ ಭಾವ," ಎಂದ ಮಾಲೀಕ.

ಇವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. "ಟ್ಯಾಂಕ್ ಚಿಕ್ಕದು ಮಾಡಿದಾರೆ, ದೂರದ ದಾರಿಗೆ ಸಾಲಲ್ಲ. ಸ್ಕ್ರೀನು ಬಿಸಿಲಲ್ಲಿ ಕಾಣಲ್ಲ. ಸೀಟು ಗಟ್ಟಿ, ಪ್ರವಾಸಿಗಳ ಸೊಂಟ ಹೋಗುತ್ತೆ. ಎಂಜಿನ್ ಶಾಖ ತೊಡೆಗೆ ಹೊಡೆಯುತ್ತೆ. ಬೇಡ."

"ಮೇಲೆ ಹೋಟೆಲಲ್ಲಿ ಬೇರೆ ಥರ ಹೇಳ್ತಿದ್ರಲ್ಲ?"

"ಆಗ ಹೊಟ್ಟೆ ಹಸಿದಿತ್ತು. ಈಗ ಹೇಳ್ತಿದೀನಿ. ಬೇಡ."

ಟ್ಯಾಂಕಿನ ಮಾತು ನಿಜ. ಉಳಿದದ್ದೆಲ್ಲ ಹಸಿ ಸುಳ್ಳು. ಬಿಸಿಲಿನಲ್ಲಿ ಕಾಣದ ಸ್ಕ್ರೀನು ನೋಡಿಕೊಂಡು ಒಳದಾರಿ ಹಿಡಿದದ್ದು ಹೇಗೆ ಸ್ವಾಮಿ? ಯಂತ್ರದ ವಿಷಯದಲ್ಲಿ ನನ್ನ ಗಂಡ ಸುಳ್ಳು ಹೇಳಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಮಾಲೀಕ ನನ್ನ ಮುಖ ನೋಡಿದ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವನು ಶೋರೂಮಿಗೆ ಫೋನ್ ಮಾಡಿ, ಗಾಡಿ ತೆಗೆದುಕೊಂಡು ಹೋಗಿ ಎಂದ.

ಮನೆಗೆ ಬಂದ ಮೇಲೂ ನನ್ನ ಕೋಪ ಇಳಿದಿರಲಿಲ್ಲ. ಗೆದ್ದದ್ದು ನಾನೇ, ಆದರೂ ಗೆದ್ದ ಹಾಗಿರಲಿಲ್ಲ. ಅವರು ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

"ನನ್ನ ಮೇಲೆ ಕನಿಕರಾನಾ?" ಎಂದೆ.

"ಅಲ್ಲ."

"ಮತ್ತೆ?"

"ಅವನು ಕೇಳೋವರೆಗೂ ನೀನು ಅಲ್ಲಿ ನಿಂತಿದೀಯಾ ಅನ್ನೋದು ನನ್ನ ತಲೆಗೇ ಬಂದಿರಲಿಲ್ಲ. ಅಂಥ ಗಾಡಿ ನನಗೆ ಬೇಡ."

ಇದಕ್ಕೆ ಸುಮ್ಮನಾಗಬೇಕಿತ್ತು. ನನ್ನ ನಾಲಿಗೆ ಸುಮ್ಮನಾಗುವ ಜಾತಿಯದಲ್ಲ.

"ಅಷ್ಟು ಹೊತ್ತೂ ಒಂದು ಸಲಾನೂ ನೆನಪಾಗ್ಲಿಲ್ವಾ ನಾನು?"

"ಇಲ್ಲ."

"ಹೇಗಿತ್ತು?"

ಅವರು ನಲ್ಲಿ ನಿಲ್ಲಿಸಿದರು. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡರು. ಈ ಮನುಷ್ಯ ಒಂದು ಸಲ ಸುಳ್ಳು ಹೇಳಿದ್ದಾನೆ, ಇನ್ನೊಂದು ಸಲ ಹೇಳಲಿ ಎಂದು ನಾನು ಕಾದೆ.

"ಹಾಯಾಗಿತ್ತು," ಎಂದರು.

ತಟ್ಟೆ ಅವರ ಮುಂದೆ ಕುಕ್ಕಿ ಅನ್ನ ಬಡಿಸಿದೆ. ಅವರು ಉಂಡರು. ಮರುದಿನ ಬೆಳಿಗ್ಗೆ ಹೊಸ ಗುಂಪು ಬಂದಿತ್ತು, ಅದರ ಮುಂದೆ ನಾನೇ ಹೋದೆ.